ಬದನೆಗೆ ಹೊಡೆದ ಔಷಧಿ

ಅಗರದ ಶಿವರುದ್ರಸ್ವಾಮಿಯ ಬದನೆ ಹೊಲಕ್ಕೆ ಬೆಳಗ್ಗೆ ಆರಕ್ಕೆಲ್ಲ ಕಾಯಿ ಕೀಳುವ ಹೆಂಗಸರು ಬಂದರು. ಅವನ ಹೆಂಡತಿ ಶಿವರತ್ನಮ್ಮ ಬದುವಿನ ಮೇಲೆ ನಿಂತು ಕುಕ್ಕೆ ಹಂಚುತ್ತಿದ್ದಳು. ಹತ್ತು ಗಂಟೆಗೆ ಕೊಳ್ಳೇಗಾಲದ ವ್ಯಾಪಾರಿಯ ಗಾಡಿ ಬರುವುದಿತ್ತು. ಐದು ತಿಂಗಳ ಬಸುರಿ ಪ್ರೇಮಾ ಸೆರಗು ಸಿಕ್ಕಿಸಿಕೊಳ್ಳುತ್ತ ತಟ್ಟನೆ ನಿಂತಳು.

"ಏನೋ ಗಾಟು ಒಡೀತದಲ್ಲ ಅಮ್ಮಾವ್ರೆ. ಔಷಧಿ ಒಡೆದಿದ್ರಾ?"

ಶಿವರತ್ನಮ್ಮ ಅವಳ ಕೈಗೆ ಕುಕ್ಕೆ ತುರುಕಿದಳು. "ಯಾವತ್ತೋ ಒಡೆದಿದ್ದು ಕಣಮ್ಮಿ. ಬಿರ್‍ರನೆ ಕಿತ್ತು ಮುಗಿಸಿ."

ಹೊಡೆದಿದ್ದು ಹಿಂದಿನ ಸಂಜೆ. ಚುಕ್ಕೆ ದುಂಬಿಗಳು ಎಲೆಯ ಹಸಿರನ್ನೆಲ್ಲ ಕೆರೆದು ತಿಂದು ಜರಡಿ ಮಾಡಿದ್ದವು. ಶಿವರುದ್ರಸ್ವಾಮಿ ಮೂಗಿಗೆ ಟವೆಲು ಕಟ್ಟಿಕೊಂಡು, ಡಬ್ಬಿಯ ಮೇಲೆ ಬರೆದಿದ್ದಕ್ಕಿಂತ ಒಂದು ಮುಚ್ಚಳ ಹೆಚ್ಚೇ ಬೆರೆಸಿ ಹೊಡೆದಿದ್ದ. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಮಾಲಿನಿಗೆ ವಾಸನೆ ತಾಕದಿರಲೆಂದು ಶಿವರತ್ನಮ್ಮ ಕಿಟಕಿಗಳನ್ನೆಲ್ಲ ಮುಚ್ಚಿದ್ದಳು.

ಬಿಸಿಲೇರುವ ಹೊತ್ತಿಗೆ ಪ್ರೇಮಾ ಸಾಲಿನ ನಡುವೆ ವಾಂತಿ ಮಾಡಿಕೊಂಡು ಕುಸಿದಳು. ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದರು. ಅವಳ ಜೀವ ಉಳಿಯಿತು. ಮೂರನೆಯ ದಿನ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಔಷಧಿಯಿಂದಲೇ ಹೀಗಾಯಿತೆಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

"ಯಾಕಾಯ್ತೋ ಏನೋ. ನಾವೇ ಮಾಡಿದ್ವಿ ಅಂತ ಯಾಕಂದ್ಕತೀಯೆ?" ಎಂದ ಶಿವರುದ್ರಸ್ವಾಮಿ. "ಒಡೀದಿದ್ರೆ ದುಂಬಿ ಗಿಡ ಬುಡ್ತಾವಾ? ಊರೋರೆಲ್ಲ ಒಡೀತಾರೆ." ಆದರೆ ಅವನು ಕಲೆಸಿದ ಅನ್ನ ತಟ್ಟೆಯಲ್ಲೇ ಉಳಿಯಿತು.

ಎಂಟು ದಿನ ಶಿವರತ್ನಮ್ಮನಿಗೆ ಮಗಳ ಮುಖ ನೋಡುವುದೇ ಕಷ್ಟವಾಯಿತು. ಒಂಬತ್ತನೆಯ ದಿನ ಅವಳೊಬ್ಬಳೇ ಪ್ರೇಮಾಳ ಮನೆಗೆ ಹೋದಳು. ಪ್ರೇಮಾ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದಳು. ತಂದಿದ್ದ ಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಶಿವರತ್ನಮ್ಮ ಕೈಯಲ್ಲೇ ಹಿಡಿದು ನಿಂತಳು.

"ನೀನು ಬರೋ ಮುಂಚಿನ ದಿನ ಸಂಜೇಲೇ ಔಷಧಿ ಒಡೆದಿದ್ರು ಕಣವ್ವ. ನನ್ ಮಗಳಿಗೆ ವಾಸ್ನೆ ಬಡೀಬಾರ್ದು ಅಂತ ಕಿಟಕಿ ಮುಚ್ಚಿದ್ದೆ. ನಿನ್ನ ಒಲಕ್ಕೆ ಇಳಿಸ್ದೆ."

"ಗೊತ್ತಿದ್ದೂ ಸುಳ್ಳು ಏಳುದ್ರಾ?"

"ಊಂ."

ಪ್ರೇಮಾ ಅಳಲಿಲ್ಲ, ಬೈಯಲೂ ಇಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ಅಂದಳು: "ಒಡೆಯರಪಾಳ್ಯದ ತಾವು ನಮ್ಮವ್ವ ಬದನೆಗೆ ಬೇವಿನ ಬೀಜದ ಕಷಾಯನೇ ಒಡೀತದೆ. ಅದ್ರಿಂದ ಯಾರ್ಗೂ ಇಂಗಾಗಿಲ್ಲ. ಈಗ ಓಗಿ ಅಮ್ಮಾವ್ರೆ. ನಿಮ್ ಮೊಕ ನೋಡಕಾಗ್ತಿಲ್ಲ."

ಆಷಾಢದ ಗಾಳಿಗೆ ಬೇವಿನ ಹಣ್ಣು ಮರದಡಿ ಉದುರಿ ಬಿದ್ದಿತ್ತು. ಶಿವರತ್ನಮ್ಮ ಆಯ್ದು ತಂದು, ತಿರುಳು ತೊಳೆದು, ನೆರಳಲ್ಲಿ ಒಣಗಿಸಿದಳು. ಕುಟ್ಟಿದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಇಡೀ ರಾತ್ರಿ ನೀರಲ್ಲಿ ನೆನೆಸಿಟ್ಟು, ಮಾರನೆಯ ದಿನ ಹಾಲಿನಂಥ ರಸ ಹಿಂಡಿ ಸೋಸಿ, ಎಲೆಗೆ ಅಂಟಲೆಂದು ಸೋಪಿನ ನೀರು ಬೆರೆಸಿ ಸಂಜೆ ತಾನೇ ಹೊಡೆದಳು. ದುಂಬಿ ಒಂದೇ ದಿನಕ್ಕೆ ಸಾಯಲಿಲ್ಲ. ವಾರಕ್ಕೊಮ್ಮೆ ಹೊಡೆದಂತೆ ಹೊಸ ಎಲೆ ತಿನ್ನುವುದು ಕಡಿಮೆಯಾಯಿತು. ಆದರೂ ಅರ್ಧಕ್ಕರ್ಧ ಗಿಡ ಸೊರಗಿಯೇ ಇದ್ದವು.

"ಇದು ಆಗೋ ಕೆಲ್ಸ ಅಲ್ಲ," ಎಂದ ಶಿವರುದ್ರಸ್ವಾಮಿ. "ಒಂದೇ ಒಂದ್ ಸಲ ಔಷಧಿ ತತ್ತೀನಿ ಕಣೆ."

"ತನ್ನಿ. ಮಾರ್ನೆ ದಿನ ಕಾಯಿ ಕೀಳಕ್ಕೆ ಮಾಲಿನೀನ ಕರ್ಕಂಡು ನಾನೇ ಓಯ್ತೀನಿ."

ಅವನು ಬಾಗಿಲತ್ತ ತಿರುಗಿ ನೋಡಿದ. ಒಳಗೆ ಮಾಲಿನಿ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿದ್ದಳು. ಅವನು ಎದ್ದು ಹೋಗಿ ಔಷಧಿ ಹೊಡೆಯುವ ಟ್ಯಾಂಕನ್ನು ಮೂರು ಸಲ ತೊಳೆದು, ಕಷಾಯ ತುಂಬಿ ಬೆನ್ನಿಗೇರಿಸಿದ.

ಬೆಳಗ್ಗೆ ಹೆಂಗಸರು ಬಂದಾಗ ಶಿವರುದ್ರಸ್ವಾಮಿ ಬದುವಿನ ಮೇಲೆ ಅಡ್ಡ ನಿಂತಿದ್ದ. ಯಾರ ಮುಖವನ್ನೂ ನೋಡದೆ ಹೇಳಿದ: "ನೆನ್ನೆ ಸಂಜೆ ಬೇವಿನ ಕಷಾಯ ಒಡೆದಿವ್ನಿ ಕಣ್ರವ್ವ. ಬ್ಯಾರೆ ಏನಾರ ಒಡೆದ್ರೆ ಮೊದ್ಲೇ ಏಳ್ತೀನಿ. ಆಗ ಬರಬ್ಯಾಡಿ."

ಹೆಂಗಸರು ಒಬ್ಬೊಬ್ಬರಾಗಿ ಸಾಲಿಗಿಳಿದರು. ಪ್ರೇಮಾ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಅವಳು ಕೀಳುತ್ತಿದ್ದ ಸಾಲಿಗೆ ಶಿವರತ್ನಮ್ಮ ಕುಕ್ಕೆ ಹಿಡಿದು ತಾನೇ ಇಳಿದಳು.