ಎಡೆಗೆ ಮುಂಚಿನ ಇಪ್ಪತ್ತು ನಿಮಿಷ

ಚೀಸಿನ ಹೊದಿಕೆಯನ್ನು ಕಸದ ಬುಟ್ಟಿಗೆ ಹಾಕುವಾಗ ಅದರ ಮೇಲಿದ್ದ ಪದವೊಂದು ಕಣ್ಣಿಗೆ ಬಿತ್ತು. ಆಗ ಹನ್ನೊಂದು ನಲವತ್ತು. ಹನ್ನೆರಡಕ್ಕೆ ದೇವರಿಗೆ ಎಡೆ.

ಅಜ್ಜಂಪುರದ ಸಮುದಾಯ ಭವನದಲ್ಲಿ ತಂಗಿ ಕೃತಿಕಾಳ ನಿಶ್ಚಿತಾರ್ಥ. ತರೀಕೆರೆಯ ಬೀಗರೂ ಸೇರಿ ನೂರೈವತ್ತು ಜನ. ಊಟ ಇಟಲಿಯದ್ದೇ ಆಗಬೇಕೆಂದು ಅವಳ ಹಟ. ಕಡೂರಿನ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುವ ನಾನು, ಅಳತೆ ತಪ್ಪದಿದ್ದರೆ ಯಾವ ಅಡುಗೆಯೂ ಬರುತ್ತದೆಂದು ಒಪ್ಪಿಕೊಂಡಿದ್ದೆ. ಮೂರು ಕೊಪ್ಪರಿಗೆ: ತರಕಾರಿ ಮತ್ತು ಅಲಸಂದೆಯ ಮಿನೆಸ್ಟ್ರೋನೆ ಸೂಪು; ಟೊಮೆಟೊ ಗೊಜ್ಜಿನ ಪಾಸ್ತಾ; ಸಿಹಿಗುಂಬಳ ಹಾಕಿ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಕೊನೆಗೆ ಚೀಸ್ ಕಲಸಿದ ರಿಸೊಟ್ಟೊ.

ಎಡೆಯಾಗುವ ಮುನ್ನ ನಮ್ಮಲ್ಲಿ ಯಾರೂ ಅಡುಗೆಯ ರುಚಿ ನೋಡುವುದಿಲ್ಲ. ಅದಕ್ಕೇ ಉಪ್ಪನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿದ್ದೆ.

ಚೀಸನ್ನು ದೊಡ್ಡಪ್ಪನ ಮಗ ಕಾಂತರಾಜಣ್ಣ ಯಾವುದೋ ವಸ್ತುಪ್ರದರ್ಶನದಿಂದ ತಂದಿದ್ದ. ಹೊದಿಕೆಯ ಮೇಲೆ ಹಸಿರು ಚುಕ್ಕೆ ಇರಲಿಲ್ಲ. ಹಾಲಿನದು ತಾನೇ ಎಂದು ನಾನೂ ನೋಡಿರಲಿಲ್ಲ. ಬರೆದಿದ್ದೆಲ್ಲ ಇಟಾಲಿಯನ್. ಮೂರೇ ಪದಾರ್ಥ; ಹಾಲು, ಉಪ್ಪು ಊಹೆಗೆ ಸಿಕ್ಕವು. ಮೂರನೆಯದು ‘ಕಾಲ್ಯೊ’. ಫೋನಿನಲ್ಲಿ ಹುಡುಕಿದೆ. ಹಾಲು ಗಟ್ಟಿಯಾಗಲು ಹಾಕುವ ಕಿಣ್ವ. ಈ ಬಗೆಯ ಚೀಸಿಗೆ ಅದನ್ನು ಎಳೆಗರುವಿನ ಜಠರದಿಂದಲೇ ತೆಗೆಯುತ್ತಾರೆ.

ಪ್ರತಿ ವರ್ಷ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವ ಪಾಠ ಅದು. ಅಂಗೈ ಮೂಸಿದೆ, ಚೀಸಿನ ವಾಸನೆ.

ಹೊರಗೆ ನಮ್ಮಜ್ಜಿ ಕಾಶಮ್ಮ ಬಾಳೆಎಲೆ ಒರೆಸುತ್ತಿದ್ದರು. ಎಂಬತ್ತೆರಡು ವರ್ಷ. ಲಿಂಗಪೂಜೆಯಿಲ್ಲದೆ ನೀರು ಮುಟ್ಟದವರು, ಹೊರಗಿನ ಊಟವನ್ನು ಒಮ್ಮೆಯೂ ಮಾಡದವರು. "ನಮ್ ಕೋಮಲಾ ಮಾಡ್ತಾಳೆ ಅಂದ್ಮೇಲೆ ಉಣ್ತೀನಿ" ಎಂದಿದ್ದರು.

ಜರಿಸೀರೆಯಲ್ಲಿ ಬಂದ ಕೃತಿಕಾಗೆ ಹೊದಿಕೆ ತೋರಿಸಿ ವಿಷಯ ಹೇಳಿದೆ. ಅವಳ ಮುಖ ಬಿಳಿಚಿತು.

"ಯಾರಿಗ್ ಗೊತ್ತಾಗುತ್ತೆ ಅಕ್ಕಾ? ಸುಮ್ನಿದ್ಬಿಡು. ನಮ್ಮತ್ತೆಗೇನಾದ್ರೂ ಗೊತ್ತಾದ್ರೆ..."

"ನಂಗೆ ಗೊತ್ತಾಯ್ತಲ್ಲೇ."

"ಕಾಲು ಹಿಡ್ಕೋತೀನಿ ಕಣೇ."

ಯಾರಿಗೂ ಗೊತ್ತಾಗುವುದಿಲ್ಲವೆಂಬುದು ನಿಜ. ನನ್ನನ್ನು ಹೆದರಿಸಿದ್ದೂ ಅದೇ. ಅಜ್ಜಿ ಉಂಡು, ಚೆನ್ನಾಗಿತ್ತು ಎಂದುಬಿಟ್ಟರೆ?

ರಿಸೊಟ್ಟೊ ಒಂದನ್ನೇ ಬದಿಗಿಟ್ಟರೆ ಸಾಕೇ? ಸಹಾಯಕ್ಕೆ ಬಂದಿದ್ದ ಅಡುಗೆ ಭಟ್ಟ ಜಯದೇವಪ್ಪನನ್ನು ಕೇಳಿದೆ. "ಈ ಸೌಟನ್ನ ಗೊಜ್ಜಿಗೂ ಹಾಕಿದ್ರಾ?"

"ಹಾಕಿರ್ಬೋದು ಮೇಡಮ್ಮೋರೆ. ಇರೋದೇ ಎರಡ್ ಸೌಟು. ಲ್ಯಾಬಲ್ಲಿ ಇದ್ದಂಗೆ ಸೌಟಿಗೂ ಚೀಟಿ ಅಂಟಿಸ್ಬೇಕಿತ್ತಾ?"

ನಗು ಬರಲಿಲ್ಲ. ಅಷ್ಟರಲ್ಲಿ ಎಡೆಯ ಎಲೆ ಹಿಡಿದು ಅಜ್ಜಿ ಒಳಗೆ ಬಂದರು.

"ಬಡಿಸೇ ಮಗಾ. ಅಯ್ಯನೋರು ಪೂಜೆಗೆ ಕೂತವ್ರೆ."

ಸೌಟು ಕೆಳಗಿಟ್ಟೆ. "ಅಜ್ಜಿ, ಬೇಡ" ಎಂದೆ. ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿದೆ. ಕರು ಎಂಬ ಪದ ಬಂದಾಗ ಅಜ್ಜಿಯ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಕೃತಿಕಾ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಅಜ್ಜಿ ಪಾಸ್ತಾದ ಕಡೆ ತೋರಿಸಿದರು. "ಇದು?"

"ಗೊತ್ತಿಲ್ಲ ಅಜ್ಜಿ. ಸೌಟು ಬದಲಾಗಿರ್ಬೋದು."

"ಅದು?"

"ಸೂಪು. ಬೆಳಿಗ್ಗೆ ಎಂಟಕ್ಕೇ ಇಳಿಸಿದ್ದು. ಚೀಸಿನ ಪೊಟ್ಟಣ ಬಿಚ್ಚಿದ್ದು ಹತ್ತೂವರೆಗೆ. ಆಮೇಲೆ ಮುಚ್ಚಳ ತೆಗೆದಿಲ್ಲ."

"ಖಾತ್ರಿಯಾ?"

"ಖಾತ್ರಿ."

ಅಜ್ಜಿ ಮುಚ್ಚಳ ಸರಿಸಿ ಬಗ್ಗಿ ನೋಡಿದರು. "ತರಕಾರಿ ಹುಳಿ ಇದ್ದಂಗೈತೆ. ಜಯದೇವಪ್ಪ, ಹೊಸ ಪಾತ್ರೇಲಿ ಅನ್ನಕ್ಕಿಡು. ಲೇ ಕೃತಿಕಾ, ನಿಮ್ಮತ್ತೆಗೆ ನಾನೇ ಹೇಳ್ತೀನಿ, ಅಳ್ಬೇಡ. ಕೋಮಲಾ, ನೀನು ಕೈ ತೊಳ್ಕೊಂಡ್ ಬಾರೇ."

ಸೀಗೆಪುಡಿ ಹಾಕಿ ಮೂರು ಸಲ ತೊಳೆದೆ. ಬಚ್ಚಲ ಕಿಟಕಿಯಿಂದ ಅಜ್ಜಿ ಕೃತಿಕಾಳ ಅತ್ತೆಯಾಗುವ ಮಲ್ಲಿಕಾಂಬನವರ ಪಕ್ಕ ಕೂತು ಮಾತಾಡುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಮಲ್ಲಿಕಾಂಬ ಒಮ್ಮೆ ಅಡುಗೆಮನೆಯ ಕಡೆ ತಿರುಗಿದರು, ಎದ್ದು ಹೋಗಲಿಲ್ಲ.

ಊಟಕ್ಕೆ ಕೂತಾಗ ಒಂದೂಕಾಲು. ಎಲೆಗಳ ಮೇಲೆ ಬಿಸಿ ಅನ್ನ, ಅದರ ಮೇಲೆ ಮಿನೆಸ್ಟ್ರೋನೆ. ಎಡೆಯಾಗಿತ್ತು. ಅಜ್ಜಿ ತುತ್ತು ಕಲಸಿದರು, ಎತ್ತಿದರು, ತಡೆದು ನನ್ನ ಮುಖ ನೋಡಿದರು.

ಎಂಟು ಗಂಟೆ, ಹತ್ತೂವರೆ, ಮುಚ್ಚಳ. ಮತ್ತೊಮ್ಮೆ ಮೊದಲಿಂದ ಎಣಿಸಿ, ತಲೆಯಾಡಿಸಿದೆ.

ಅಜ್ಜಿ ಉಂಡರು.