ಇಡಾಲ್ ಬಂದ

ಟಿಬೋಲಿಯಂತೆ, ಟಿಬೋಲಿ! ನೆನೆದಾಗಲೆಲ್ಲ ರೋಡೆಲ್‌ಗೆ ನಗು ಒತ್ತಿಕೊಂಡು ಬರುತ್ತಿತ್ತು. ಬಾಡಿಗೆ ಬೈಕಿನ ಹಿಂದೆ ಕೂತು, ಟವೆಲಿನಲ್ಲಿ ಸುತ್ತಿದ ಕತ್ತಿಯನ್ನು ಅವುಚಿಕೊಂಡು, ಅಪೋ ಬೆಟ್ಟದ ಏರುದಾರಿಯಲ್ಲಿ ಒಬ್ಬನೇ ಕಿಸಕ್ಕನೆ ನಗುತ್ತಿದ್ದ. ದಾವಾವೊ ಪೇಟೆಯ ಹಳೇ ಸಾಮಾನಿನ ಅಂಗಡಿಯವನು ಅದಕ್ಕೆ ಟಿಬೋಲಿ ಜನರ ಕತ್ತಿಯೆಂದು ಚೀಟಿ ಅಂಟಿಸಿದ್ದ. ಒರೆಯ ಅಂಚಿಗೆ ಸಾಲುಗೆಜ್ಜೆ, ಹಿಡಿಗೆ ಹಿತ್ತಾಳೆ ಕಟ್ಟು, ಕೆಂಪು ಮಣಿಯ ಪಟ್ಟಿ. ತಮ್ಮ ಬಾಗೋಬೊ ಜನರದ್ದಲ್ಲದೆ ಇನ್ನೇನು?

ಅಷ್ಟನ್ನು ಮ್ಯೂಸಿಯಮ್ಮಿನಲ್ಲಿ ಕತ್ತಿ ಗುರುತಿಸುವ ಯಾರಾದರೂ ಹೇಳಿಯಾರು. ರೋಡೆಲ್‌ನ ಕೆಲಸವೂ ಅದೇ. ಆದರೆ ಸಾಲಿನ ನಡುವಿನ ಒಂದು ಗೆಜ್ಜೆ ಹಿತ್ತಾಳೆಯದಲ್ಲ, ತವರದ್ದು. ಅಂಗಡಿಯವನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಂತೆ ರೋಡೆಲ್ ಅದನ್ನು ಬಾಯಿಗೆ ಹಾಕಿಕೊಂಡು ನಾಲಿಗೆಯಿಂದ ತಡವಿದ್ದ. ತಾನು ಮಗುವಾಗಿದ್ದಾಗ ಕಚ್ಚಿದ ಹಲ್ಲಿನ ಗುರುತು ಅಲ್ಲೇ ಇತ್ತು.

"ಏನ್ಸಾರ್ ಅದು ಘಲ್ ಘಲ್ ಅಂತೈತೆ?" ಬೈಕಿನವನು ಕೇಳಿದ.

"ನಮ್ಮಣ್ಣ."

ಬೈಕಿನವನು ಕನ್ನಡಿಯಲ್ಲಿ ಹಿಂದಕ್ಕೊಮ್ಮೆ ನೋಡಿ ವೇಗ ಹೆಚ್ಚಿಸಿದ.

ಸುಳ್ಳೇನಲ್ಲ. ಮನೆಯಲ್ಲಿ ಯಾರೂ ಆ ಕತ್ತಿಯನ್ನು 'ಅದು' ಎಂದವರಲ್ಲ, 'ಅವನು' ಎನ್ನುತ್ತಿದ್ದರು. ಅವನ ಹೆಸರು ಇಡಾಲ್. ರೋಡೆಲ್ ಹುಟ್ಟಿದಾಗ ತಾತ ಮೊಮ್ಮಗನಿಗೂ ಅದೇ ಹೆಸರನ್ನು ಇಟ್ಟ. ರೋಡೆಲ್ ಎಂಬುದು ಶಾಲೆಗೆ, ಆಫೀಸಿಗೆ. ಮುಂದೊಂದು ದಿನ ಅಪ್ಪ ಕತ್ತಿಯನ್ನು ಪೇಟೆಗೆ ಒಯ್ದು ಬರಿಗೈಯಲ್ಲಿ ಬಂದ. ಆಮೇಲೆ ಸಂಸಾರವೂ ಪೇಟೆ ಸೇರಿತು. ಈಚೆಗೆ ಕನಸಿನಲ್ಲೂ ಜನ ಅವನನ್ನು ರೋಡೆಲ್ ಎಂದೇ ಕರೆಯುತ್ತಿದ್ದರು.

ಕತ್ತಿ ಸಿಕ್ಕಿತೆಂದು ಊರಿನಲ್ಲಿದ್ದ ಅತ್ತೆಗೆ ನಿನ್ನೆಯೇ ತಿಳಿಸಿದ್ದ. ಇವತ್ತು ಅದನ್ನು ತಾತನ ಮನೆಯ ಹಳೆಯ ಗೋಡೆಗೆ ತೂಗುಹಾಕಬೇಕು. ಅದರ ಕೆಳಗೆ ಕೂತು ಉಣ್ಣಬೇಕು. ಯಾರಾದರೊಬ್ಬರು ತನ್ನನ್ನು ಇಡಾಲ್ ಎನ್ನಬೇಕು. ಇಷ್ಟೇ ಅವನ ಆಸೆ, ಇದಕ್ಕಾಗಿಯೇ ತಲೆ ತಿರುಗುವಷ್ಟು ಖುಷಿ.

ಮನೆಯಂಗಳದಲ್ಲಿ ಜಾಗಟೆ ಬಾರಿಸುತ್ತಿದ್ದರು. ಅತ್ತೆಯ ಮಗ ನೊನೊಯ್‌ಗೆ ಹೆಣ್ಣು ಗೊತ್ತಾಗಿತ್ತು, ಬೀಗರು ಬಂದಿದ್ದರು. ಬೈಕ್ ನಿಲ್ಲುವ ಮೊದಲೇ ಕೂಗೆದ್ದಿತು: "ಇಡಾಲ್ ಬಂದ! ಇಡಾಲ್ ಬಂದ್ನಲ್ಲೋ!"

ರೋಡೆಲ್ ಬೈಕಿನಿಂದ ಧುಮುಕಿದ. ಗಂಟು ಹಿಡಿದೇ ಎರಡೂ ಕೈ ಚಾಚಿದ. ಸಿಂಗಾನ್ ಅತ್ತೆ ಓಡಿ ಬಂದು ಆ ಕೈಗಳಿಂದ ಟವೆಲಿನ ಗಂಟನ್ನು ಎತ್ತಿಕೊಂಡು ಎದೆಗೊತ್ತಿಕೊಂಡಳು.

"ಎಷ್ಟು ಸೊರಗಿದೀಯೋ ನನ್ ರಾಜ!"

"ಇಲ್ಲತ್ತೆ, ದಪ್ಪ ಆಗಿದೀನಿ," ಎಂದ ರೋಡೆಲ್.

ಅಂಗಳವೆಲ್ಲ ಗೊಳ್ಳೆಂದಿತು. ತಡವಾಗಿ ಅರ್ಥವಾದ ಅವನು ಎಲ್ಲರಿಗಿಂತ ಜೋರಾಗಿ ನಕ್ಕ.

"ಅಯ್ಯೋ, ನೀನೂ ಬಂದ್ಯಾ ರೋಡೆಲ್? ಒಳ್ಳೇದಾಯ್ತು. ಕೂತ್ಕೋ, ಕೂತ್ಕೋ."

ಕೂತ. ಕಬ್ಬಿನ ಹೆಂಡ ಬಂತು, ಕುಡಿದ. ಸುಟ್ಟ ಹಂದಿ ಬಂತು, ತಿಂದ. ಕತ್ತಿ ಗೋಡೆಗೆ ಹೋಗಲಿಲ್ಲ. ಅತ್ತೆ ಅದನ್ನು ಎರಡು ಜಾಗಟೆಗಳ ಜೊತೆ ಹೆಣ್ಣಿನ ಅಪ್ಪ ಅತಾಬ್‌ನ ಮುಂದಿಟ್ಟಳು.

"ಇದು ನಮ್ ಕಡೆ ತೆರ."

"ಅತ್ತೆ, ಅದು..."

"ಏನೋ?"

"ಏನಿಲ್ಲ."

"ತಂದೋನು ನೀನು. ಕೊಡ್ತೀ ತಾನೆ?"

ಬೇಡ ಎಂದಿದ್ದರೆ ಸಾಕಿತ್ತು. ಆದರೆ ಹಾಗೆ ಮುಖ ಮುರಿದು ಹೇಳಲು ಮನೆಯವನಾಗಿರಬೇಕು. ಕೊಟ್ಟರೆ ಮನೆಯವನಾದೇನು ಎಂಬ ಲೆಕ್ಕಾಚಾರ ಮನಸ್ಸಿನಲ್ಲಿ ಮುಗಿಯುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು: "ಓಹೋ, ಅದಕ್ಕೇನಂತೆ!" ಎಲ್ಲರೂ ಶಹಭಾಸ್ ಎಂದರು. ಅವನ ಕಿವಿ ಬಿಸಿಯಾಯಿತು.

ಕೊಟ್ಟದ್ದನ್ನೆಲ್ಲ ಹೆಣ್ಣಿನ ಅಪ್ಪ ಇಟ್ಟುಕೊಳ್ಳುವ ಹಾಗಿಲ್ಲ. ಇಟ್ಟುಕೊಂಡರೆ ಮಗಳನ್ನು ಮಾರಿದಂತೆ. ಅರ್ಧ ಹಿಂದಿರುಗಿಸಬೇಕು. ಅತಾಬ್ ಒಂದು ಜಾಗಟೆಯನ್ನು ಈಚೆ ತಳ್ಳಿದ. ಆಮೇಲೆ ಕತ್ತಿಯನ್ನು ನೋಡುತ್ತ ಕೂತ.

"ಇಡಾಲ್‌ನ ಹೆಂಗಪ್ಪ ಅರ್ಧ ಮಾಡ್ತೀಯ? ಸೊಂಟದಿಂದ ಮೇಲಾ, ಕೆಳಗಾ?" ಯಾರೋ ಕೂಗಿದರು.

ಅತಾಬ್ ಸರಕ್ಕನೆ ಅಲಗನ್ನು ಹಿರಿದು ತೊಡೆಯ ಮೇಲಿಟ್ಟುಕೊಂಡ. ಒರೆಯನ್ನು ಮುಂದೆ ಹಿಡಿದ.

"ತಂದೋನಿಗೇ ಕಟ್ಟಿ," ಎಂದಳು ಅತ್ತೆ.

ಅವನ ಸೊಂಟಕ್ಕೆ ಕಟ್ಟಿದರು. "ಈಗ ನೋಡ್ರಪ್ಪ, ಗಂಡಸು!" ಎಂದು ಚಪ್ಪಾಳೆ ತಟ್ಟಿದರು. ಜಾಗಟೆ ಜೋರಾಯಿತು. ರೋಡೆಲ್ ಎದ್ದು ಕುಣಿದ. ಯಾರೂ ಕರೆದಿರಲಿಲ್ಲ. ಗೆಜ್ಜೆಗಳು ಬೈಕಿನ ಮೇಲಿದ್ದಾಗಿನದಕ್ಕಿಂತ ಗಟ್ಟಿಯಾಗಿ ಮೊಳಗಿದವು. ಅಲಗು ಕಳೆದುಕೊಂಡು ಮ್ಯೂಸಿಯಮ್ಮಿಗೆ ಬರುವ ಸಾಮಾನಿಗೆ ತಾನೇ 'ಒರೆ ಮಾತ್ರ' ಎಂದು ಬರೆದು ಹಿಂದಿನ ಬೀರುವಿಗೆ ತಳ್ಳುತ್ತಿದ್ದದ್ದು ನೆನಪಾಗಿ, ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಕುಣಿದ. ಕಣ್ಣಲ್ಲಿ ನೀರು ಬಂತು. ಹೊಗೆ ಎಂದ.

ಬಿಸಿಲು ಇಳಿಯುವ ಹೊತ್ತಿಗೆ ಬೀಗರು ಹೊರಟರು.

"ಇಡಾಲ್, ಹೋಗ್ಬಾರೋ! ನಮ್ಮನ್ನ ಮರೀಬೇಡ್ವೋ!" ಅತ್ತೆ ಅಳುತ್ತ ಕೂಗಿದಳು.

"ಇಲ್ಲತ್ತೆ," ಎಂದು ರೋಡೆಲ್ ಕೈ ಎತ್ತಿದ. ಅತ್ತೆ ನೋಡುತ್ತಿದ್ದದ್ದು ಅತಾಬ್‌ನ ಹೆಗಲ ಮೇಲಿದ್ದ ಅಲಗನ್ನು. ಎತ್ತಿದ ಕೈಯಿಂದ ಅವನು ತಲೆ ಕೆರೆದುಕೊಂಡ.

ರೋಡೆಲ್‌ನೂ ಹೊರಟ. ಕೆಳಗೆ ರಸ್ತೆಯಲ್ಲಿ ಪೇಟೆಗೆ ಹೋಗುವ ಬಾಡಿಗೆ ಜೀಪು ತುಂಬಿತ್ತು. ಅವನು ಹತ್ತಿದೊಡನೆ ಗೆಜ್ಜೆಯ ಸದ್ದಿಗೆ ಎಲ್ಲರೂ ತಿರುಗಿದರು.

"ಸರ್ಕೊಳ್ರೋ, ಕತ್ತಿ ಐತೆ!" ಬುಟ್ಟಿ ಹಿಡಿದ ಮುದುಕಿಯೊಬ್ಬಳು ಗದರಿದಳು. ಜನ ಮುದುಡಿಕೊಂಡರು. "ನಿಜವಾದ್ದಾ ಮಗಾ?"

"ಬಾಗೋಬೊ," ಎಂದ ಅವನು, ಆಫೀಸಿನ ದನಿಯಲ್ಲಿ. "ಬಹಳ ಹಳೇದು."

"ಇಲ್ಲಿ ಹಿರೀಬೇಡಪ್ಪ ಮತ್ತೆ, ಮಕ್ಕಳವೆ."

"ಇಲ್ಲಜ್ಜಿ, ಹಿರಿಯಲ್ಲ."

ರೋಡೆಲ್ ಒರೆಯ ಬಾಯಿಗೆ ಅಂಗೈ ಮುಚ್ಚಿ ಕೂತ. ನಗು ಇನ್ನೂ ನಿಂತಿರಲಿಲ್ಲ. ಜೀಪು ಗುಂಡಿಗೆ ಇಳಿದಾಗಲೆಲ್ಲ ಗೆಜ್ಜೆಗಳು ಒಟ್ಟಿಗೆ ಕೇಕೆ ಹಾಕುತ್ತಿದ್ದವು. ಜನ ಒಬ್ಬರ ಮೇಲೊಬ್ಬರು ಬಿದ್ದರು, ಅವನ ಎರಡು ಬದಿಯ ಖಾಲಿ ಜಾಗವನ್ನು ಮಾತ್ರ ಯಾರೂ ಮುಟ್ಟಲಿಲ್ಲ.