ತಪ್ಪು: ಮುಗಿಯಿತು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಕೊನೆಯ ಪದದಿಂದಲೇ ಮಾಡುತ್ತೇನೆ, ಏಕೆಂದರೆ ಎಡವಟ್ಟಾದದ್ದು ಅಲ್ಲೇ. (ಮೊದಲ ಕರಡು ಬೆಳಗಿನ ಬಿಸಿಲಿನ ವರ್ಣನೆಯಿಂದ ಶುರುವಾಗಿತ್ತು. ಮೂರನೆಯ ಸಾಲಿಗೆ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ. ಹರಿದೆ ಅನ್ನುವುದು ಮಾತಿಗೆ, ಡಿಲೀಟ್ ಒತ್ತಿದೆ.)

ನಾನು ಬರೆದು ಬದುಕುವವಳು. ಪ್ರಕಾಶಕರಿಲ್ಲ, ಸಂಪಾದಕರಿಲ್ಲ, ಊಟದ ಮೇಜಿನ ಕಿಟಕಿ ಕಡೆಯ ಮೂಲೆಯೇ ಕಚೇರಿ. ಸದ್ಯ ಮೂರು ದೋಣಿಗಳ ಮೇಲೆ ಕಾಲಿಟ್ಟಿದ್ದೇನೆ (ಇರುವುದು ಎರಡೇ ಕಾಲು, ಗೊತ್ತು). ಪ್ರತಿ ಭಾನುವಾರ ಈಮೇಲಿನಲ್ಲಿ ಕಳಿಸುವ ಧಾರಾವಾಹಿ ಒಂದು. ಅದಕ್ಕೆ ಓದುಗರು ಮುನ್ನೂರ ಹನ್ನೆರಡು. ಮುಂಗುಸಿಯೊಂದು ಶಾಲೆಗೆ ಸೇರುವ ಮಕ್ಕಳ ಪುಸ್ತಕ ಇನ್ನೊಂದು. ಮತ್ತೆ, ವಾಷಿಂಗ್ ಮೆಷಿನ್ನಿನ ಕೈಪಿಡಿಯ ಅನುವಾದ. ಮೂರನ್ನೂ ಒಂದೇ ಫೋನಿನಲ್ಲಿ ಟೈಪ್ ಮಾಡುತ್ತೇನೆ. ಈ ಕೊನೆಯ ವಾಕ್ಯವನ್ನು ದಯವಿಟ್ಟು ನೆನಪಿಡಿ.

೨

ಧಾರಾವಾಹಿಯ ನಾಯಕಿ ಲಿಫ್ಟ್ ಮೆಕ್ಯಾನಿಕ್. ಹದಿನಾಲ್ಕನೆಯ ಕಂತಿನಲ್ಲಿ ಅವಳು ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ಸಿಕ್ಕಿಹಾಕಿಕೊಳ್ಳುತ್ತಾಳೆ. ಜೊತೆಯಲ್ಲಿ ಕನ್ನಡಕದಂಗಡಿಯವನು, ಹನ್ನೆರಡು ವರ್ಷಗಳ ಹಿಂದೆ ಇವಳ ಪತ್ರಕ್ಕೆ ಉತ್ತರ ಬರೆಯದೆ ಮಾಯವಾದವನು. "ಯಾಕೆ ಬರೀಲಿಲ್ಲ?" ಎಂದು ಕೇಳುತ್ತಾಳೆ. ಅವನು ಬಾಯಿ ತೆರೆಯುತ್ತಾನೆ.

ಅಲ್ಲಿಗೆ ನಿಲ್ಲಿಸಿ, ಕೆಳಗೆ 'ಮುಂದುವರಿಯುವುದು' ಎಂದು ಹಾಕಲು 'ಮು' ಒತ್ತಿದೆ. ಎರಡು ವಾರದಿಂದ 'ಒಗೆಯುವುದು ಮುಗಿಯಿತು', 'ಹಿಂಡುವುದು ಮುಗಿಯಿತು' ಎಂದು ನನ್ನ ಬೆರಳಿನಿಂದಲೇ ಕಲಿತಿದ್ದ ಫೋನು ಉಳಿದದ್ದನ್ನು ತಾನೇ ತುಂಬಿಸಿತು. ನಾನು ನೋಡದೆ ಕಳಿಸಿದೆ.

ಸಾಮಾನ್ಯವಾಗಿ ಪ್ರತಿ ಕಂತನ್ನೂ ಅಪ್ಪ ನೋಡುತ್ತಾರೆ. ಮೂವತ್ತನಾಲ್ಕು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ಔಷಧಿಯ ಚೀಟಿ ಕೈಗೆ ಬಂದರೂ ಮೊದಲು ಪೆನ್ನು ಹುಡುಕುತ್ತಾರೆ. "ಬರೆದವರು ತಾವು ಬರೆದಿದ್ದನ್ನ ಓದಲ್ಲಮ್ಮ, ಬರೀಬೇಕು ಅಂದ್ಕೊಂಡಿದ್ದನ್ನ ಓದ್ತಾರೆ" ಅನ್ನುವುದು ಅವರ ಮಾತು. ಆದರೆ ಆ ಶುಕ್ರವಾರವಷ್ಟೇ ಅವರ ಕಣ್ಣಿನ ಪೊರೆ ತೆಗೆದಿದ್ದರು. ಎರಡು ವಾರ ಓದುವಂತಿರಲಿಲ್ಲ.

೨ರ ಬಾಲ

ಬೈಗುಳಕ್ಕೆ ಸಿದ್ಧಳಾಗಿ ಮೇಲ್ ತೆರೆದೆ. ಓದುಗರ ಬಳಗವೊಂದನ್ನು ನಡೆಸುವ ನಿವೃತ್ತ ಮೇಷ್ಟ್ರು ಬರೆದಿದ್ದರು: 'ಮುಗಿಯಿತು ಎಂಬ ಒಂದೇ ಪದದಿಂದ ಇಡೀ ಕಥಾಪರಂಪರೆಗೆ ಕಪಾಳಮೋಕ್ಷ ಮಾಡಿದ್ದೀರಿ.' ಬಳಗಕ್ಕೆಲ್ಲ ಹಂಚಿದ್ದರು. ಬುಧವಾರದ ಹೊತ್ತಿಗೆ ನನ್ನ ಓದುಗರು ಒಂಬೈನೂರ ನಾಲ್ಕು. 'ಅಂತ್ಯವಿಲ್ಲದ ಅಂತ್ಯ' ಎಂಬ ವಿಷಯದ ಮೇಲೆ ನಾನು ಅಲ್ಲಿ ಭಾಷಣ ಮಾಡಬೇಕಂತೆ. ಒಪ್ಪಿಕೊಂಡೆ. (ನೀವಾಗಿದ್ದರೆ? ಸುಮ್ಮನೆ ಕೇಳಿದೆ.)

ಈಗ ನನ್ನ ಪೀಕಲಾಟ ಕೇಳಿ. ಐದು ವರ್ಷದಿಂದ, ಒಂದರ ಹಿಂದೊಂದು ಧಾರಾವಾಹಿ ಬರೆದು, ಓದುಗರನ್ನು ಒಬ್ಬೊಬ್ಬರನ್ನಾಗಿ ಕೂಡಿಸಿದ್ದೇನೆ. ಮೊದಲ ವರ್ಷ ಇದ್ದವರು ಇಬ್ಬರು, ಅದರಲ್ಲಿ ಒಬ್ಬರು ಅಪ್ಪ. ನಿಜ ಹೇಳಿದರೆ ಅಷ್ಟೂ ಜನ ನನ್ನನ್ನು ಪೆದ್ದಿ ಅಂದುಕೊಂಡು ಎದ್ದು ಹೋಗುತ್ತಾರೆ. ಸುಮ್ಮನಿದ್ದರೆ ಮೆಕ್ಯಾನಿಕ್ ಲಿಫ್ಟಿನಲ್ಲೇ ಉಳಿಯುತ್ತಾಳೆ.

೩

"ಮೇಡಂ, ಇದೇನು ಹೀಗ್ ಮಾಡಿದ್ರಿ?" ಎಂದಳು ಮೆಕ್ಯಾನಿಕ್. ಗುರುವಾರ. ನಾನು ಕೈಪಿಡಿಯ ಏಳನೆಯ ಪುಟದಲ್ಲಿದ್ದೆ.

"ನೀನೀಗ ಫೇಮಸ್ಸು ಕಣೆ."

"ಫೇಮಸ್ಸಾದ್ರೆ ಕಾಲು ನೋಯಲ್ವಾ? ನಾಲ್ಕು ದಿನದಿಂದ ನಿಂತಿದೀನಿ. ಇವನು ತೆಗೆದ ಬಾಯಿ ಮುಚ್ಚಿಲ್ಲ. ನೋಡೋಕಾಗ್ತಿಲ್ಲ."

"ಅದು ಓದುಗರ ಕಲ್ಪನೆಗೆ ಬಿಟ್ಟಿದ್ದು."

"ಕಲ್ಪನೆಗೆ ಬಿಟ್ಟಿದ್ದಾ, ಕೈ ತಪ್ಪಿ ಬಿಟ್ಟಿದ್ದಾ? ಲಿಫ್ಟ್ ಕೆಟ್ರೆ ಕೆಟ್ಟಿದೆ ಅಂತ ಬೋರ್ಡ್ ಹಾಕ್ತೀನಿ ನಾನು. ಇದು ಹೊಸ ಥರದ ರೂಮು ಅಂತ ಹೇಳಲ್ಲ."

(ಸಾಕಿದ ಗಿಣಿ ಹದ್ದಾಗಿ ಕುಕ್ಕಿತು ಅನ್ನುವುದು ಇದಕ್ಕೇ.) ಶುಕ್ರವಾರ ಅವಳ ಕಾಟಕ್ಕೆ ಕೆಲವು ಮುಕ್ತಾಯಗಳನ್ನು ಬರೆದು ನೋಡಿದೆ.

ಅ) ಕರೆಂಟು ಬರುತ್ತದೆ, ಇಬ್ಬರೂ ಮದುವೆಯಾಗುತ್ತಾರೆ. (ಅವಳು ಒಪ್ಪಲಿಲ್ಲ. "ಮೊದ್ಲು ಉತ್ತರ ಹೇಳ್ಲಿ.")

ಆ) ಎಲ್ಲ ಕನಸು. (ನಾನೇ ಒಪ್ಪಲಿಲ್ಲ. ಸ್ವಲ್ಪ ಮಾನ ಉಳಿದಿದೆ.)

ಇ) ಮುಂಗುಸಿ ಬಂದು ವೈರು ಕಡಿಯುತ್ತದೆ. (ತಪ್ಪು ಫೈಲು.)

"ಲಿಫ್ಟಿನ ಹುಡುಗಿ ಹೊರಗೆ ಬಂದ್ಲಾ?" ಎಂದು ಅಪ್ಪ ದಿನಾ ಕೇಳುತ್ತಿದ್ದರು. "ಬರ್ತಾಳಪ್ಪ" ಅನ್ನುತ್ತಿದ್ದೆ. ಕಂತಿನ ಕಥೆಯನ್ನು ಬಾಯಲ್ಲಿ ಹೇಳಿದ್ದೆ, ಕೊನೆಯ ಪದದ ವಿಷಯ ಹೇಳಿರಲಿಲ್ಲ. ಹೇಳಲು ನಾಚಿಕೆಯಾಗಿತ್ತು.

೪

ಶನಿವಾರ ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಫೋನ್ ಬಂತು. ಕಪ್ಪು ಕನ್ನಡಕದ ಅಪ್ಪ ತಡಕಾಡಿ ಎತ್ತಿದರು. ಎಲ್ಲೋ ಕೈ ತಾಗಿ ಸ್ಪೀಕರ್ ಆನ್ ಆಯಿತು.

"ನಿಮ್ಮ ಮಗಳ ಧೈರ್ಯ ಮೆಚ್ಚಬೇಕು ಸಾರ್," ಎಂದರು ಮೇಷ್ಟ್ರು. "ಅವನು ಬಾಯಿ ತೆರೆದ ಕೂಡಲೇ 'ಮುಗಿಯಿತು' ಅಂತ ಹಾಕಿಬಿಟ್ರಲ್ಲ."

ಅಪ್ಪನ ಕೈ ಜೇಬಿನ ಪೆನ್ನಿಗೆ ಹೋಯಿತು. "ಮುಗಿಯಿತು ಅಂತ ಇದೆಯಾ?"

"ಹೌದು ಸಾರ್."

"ಅದು ಅಚ್ಚಿನ ತಪ್ಪು ಸ್ವಾಮಿ. 'ಮುಂದುವರಿಯುವುದು' ಅಂತಾಗ್ಬೇಕು. ನನ್ನ ಕಣ್ಣಿಗೆ ಪಟ್ಟಿ ಕಟ್ಟಿದ್ರು. ತಿದ್ಕೊಂಡು ಓದಿ."

ಒದ್ದೆ ಟವೆಲ್ ನನ್ನ ಕಾಲ ಮೇಲೆ ಬಿತ್ತು. ಐದು ವರ್ಷ ಒಬ್ಬೊಬ್ಬರಾಗಿ ಬಂದವರು ಒಟ್ಟಿಗೆ ಕುರ್ಚಿ ಸರಿಸಿ ಏಳುವುದು ನನಗೆ ಕೇಳಿಸಿದಂತಾಯಿತು.

"ಹಾಗಾದ್ರೆ," ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ, "ಅವನು ಉತ್ತರ ಹೇಳ್ತಾನಾ?"

"ಹೇಳ್ಲೇಬೇಕಲ್ಲ."

"ಅಬ್ಬ. ನಮ್ಮನೆಯವಳು ಭಾನುವಾರದಿಂದ ನನ್ನ ಹತ್ರ ಮಾತು ಬಿಟ್ಟಿದಾಳೆ ಸಾರ್. ಆ ಹುಡುಗಿ ಅಲ್ಲಿ ಸಿಕ್ಕಾಕೊಂಡಿದ್ರೆ ನೀವು ಚಪ್ಪಾಳೆ ತಟ್ತೀರಲ್ಲ ಅಂತ. ನಿಜ ಹೇಳ್ಬೇಕಂದ್ರೆ, ನನಗೂ ಸಮಾಧಾನ ಇರ್ಲಿಲ್ಲ."

ನಾನು ಬಾಲ್ಕನಿಯಲ್ಲೇ ಕುಕ್ಕರುಬಡಿದು ನಕ್ಕೆ. ಖುಷಿಗೆ ಕಣ್ಣಲ್ಲಿ ನೀರೂ ಬಂತು. ನಾನು ಕಂಡೇ ಇರದ ಒಂದು ಮನೆಯಲ್ಲಿ ನನ್ನ ಮೆಕ್ಯಾನಿಕ್ಕಿಗಾಗಿ ಗಂಡ ಹೆಂಡತಿ ಒಂದು ವಾರ ಜಗಳವಾಡಿದ್ದರು. ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಗೊತ್ತಿಲ್ಲ.

೫

"ತಪ್ಪು–ಒಪ್ಪು ಹಾಕು," ಎಂದರು ಅಪ್ಪ. ಹಳೆಯ ಪುಸ್ತಕಗಳ ಕೊನೆಯ ಪುಟದಲ್ಲಿ ಇರುತ್ತಿತ್ತಲ್ಲ, ಆ ಪಟ್ಟಿ. "ಎಡಗಡೆ ತಪ್ಪು, ಬಲಗಡೆ ಒಪ್ಪು. ಕ್ಷಮೆ ಕೇಳ್ಕೊಂಡು ಪುರಾಣ ಬರೀಬೇಡ. ಒಪ್ಕೊಂಡ್ರೆ ಅದೇ ಒಪ್ಪು."

ಭಾನುವಾರ ಬೆಳಿಗ್ಗೆ ಹದಿನೈದನೆಯ ಕಂತಿನ ನೆತ್ತಿಯ ಮೇಲೆ ಅದನ್ನು ಹಾಕಿದೆ. ಅಪ್ಪ ಕಣ್ಣು ಮುಚ್ಚಿ ಕೂತರು. ನಾನು ಗಟ್ಟಿಯಾಗಿ ಓದಿದೆ.

"ತಪ್ಪು: ಮುಗಿಯಿತು."

"ಹೂಂ."

"ಒಪ್ಪು: ಮುಂದುವರಿಯುವುದು."

"ಹೂಂ. ಕಳಿಸು."

ಕಳಿಸಿದೆ. ಬಿಟ್ಟು ಹೋದವರು ಹನ್ನೊಂದು ಮಂದಿ. (ಕನ್ನಡಕದಂಗಡಿಯವನು ಕೊಟ್ಟ ಉತ್ತರವನ್ನು ಇಲ್ಲಿ ಹೇಳುವುದಿಲ್ಲ, ಅದು ಉಳಿದವರ ಸೊತ್ತು.) ನಾಲ್ಕೇ ನಿಮಿಷದಲ್ಲಿ ಮೊದಲ ಪತ್ರ ಬಂತು, ಮೇಷ್ಟ್ರ ಹೆಂಡತಿಯದು: 'ಎಲ್ಲಾ ಚೆನ್ನಾಗಿದೆ ತಾಯಿ. ಒಪ್ಪು ಅಂತ ಹಾಕಿರೋ ಕಡೆ ಈ ಮುಂಗುಸಿ ಯಾರು?'

"ಯಾಕೆ ನಗ್ತಿದೀಯ?" ಎಂದರು ಅಪ್ಪ.

"ಬರ್ಲಿ ಬಿಡಿ ಮೇಡಂ," ಎಂದಳು ಮೆಕ್ಯಾನಿಕ್. "ಲಿಫ್ಟಲ್ಲಿ ನಾಲ್ಕು ಜನಕ್ಕೆ ಜಾಗ ಇದೆ."

೬, ಅಥವಾ ೧

ಈ ಕಥೆಯ ಕೆಳಗೆ ಏನು ಹಾಕಲಿ? ಒಂದಕ್ಷರ ಒತ್ತಿದ್ದೇನೆ. ಫೋನು ಮೂರು ಪದ ಹಿಡಿದು ನಿಂತಿದೆ: ಮುಗಿಯಿತು, ಮುಂಗುಸಿ, ಮುಚ್ಚಳ. "ಇನ್ಮೇಲೆ ಕೊನೇ ಪದ ನಾನು ಕಣ್ಣಾರೆ ನೋಡ್ದೆ ಹೋಗ್ಕೂಡ್ದು" ಎಂದು ಅಪ್ಪ ಒಳಗಿನಿಂದ ಕೂಗುತ್ತಿದ್ದಾರೆ. ಅವರು ಓದಲು ಇನ್ನೂ ಐದು ದಿನವಿದೆ. ಅಲ್ಲಿಯವರೆಗೆ ಇದು ಇಷ್ಟೇ ಇರಲಿ:

ಮು